ಗೋಡೆ ಒದ್ದೆಯಾದಾಗ ಪಕ್ಕದ ಮನೆಯವರನ್ನು ಕೇಳಿ

ಮೈಸೂರಿಗೆ ವರ್ಷದಲ್ಲಿ ಎರಡು ಸಲ ಜೋರು ಮಳೆ. ಮೇ ತಿಂಗಳಲ್ಲಿ ಗುಡುಗು, ಬಿರುಗಾಳಿಯ ಜೊತೆ ಬಂದು ಬಡಿಯುವುದು ಒಂದು; ದಸರೆಯ ಆಸುಪಾಸಿನಲ್ಲಿ, ಅಕ್ಟೋಬರ್ ಹೊತ್ತಿಗೆ ರಾತ್ರಿಯಿಡೀ ಸುರಿಯುವುದು ಇನ್ನೊಂದು. ಆ ಮಳೆಯ ಮರುದಿನ ಬೆಳಿಗ್ಗೆ ನಜರ್‌ಬಾದಿನ ಹಳೆಯ ಬೀದಿಗಳಲ್ಲಿ ಹಾಲಿಗೆ ಹೊರಟವರು ಕೇಳಿಕೊಳ್ಳುವುದು ಒಂದೇ ಮಾತು: ನಿಮ್ಮನೆ ಸೋರಿತಾ?

ಅರಮನೆಯಿಂದ ಪೂರ್ವಕ್ಕೆ, ಮೃಗಾಲಯ, ಕಾರಂಜಿ ಕೆರೆ, ಚಾಮುಂಡಿ ವಿಹಾರ ಕ್ರೀಡಾಂಗಣಗಳ ನೆರೆಯಲ್ಲೇ ಇರುವ ಬಡಾವಣೆ ಇದು. ಹೊರಗಿನವರಿಗೆ ಮೈಲಾರಿ ದೋಸೆಯಿಂದ ಗೊತ್ತು. ಒಳಗಿನ ಅಡ್ಡರಸ್ತೆಗಳಲ್ಲಿ ನಡೆದರೆ ಮಂಗಳೂರು ಹೆಂಚಿನ ಮನೆ, ಅದರ ಪಕ್ಕಕ್ಕೆ ಮದ್ರಾಸ್ ತಾರಸಿಯ ಮನೆ, ಅವೆರಡರ ನಡುವೆ ಹೊಸದಾಗಿ ಎದ್ದ ಮೂರಂತಸ್ತಿನ ಕಾಂಕ್ರೀಟ್ ಮನೆ ಕಾಣುತ್ತವೆ. ಮೂರಕ್ಕೂ ಮೂರು ಬಗೆಯ ಕಾಯಿಲೆ. ಆದರೆ ಅಂಗಡಿಯಲ್ಲಿ ಸಿಗುವ ಮದ್ದು ಮಾತ್ರ ಒಂದೇ, ಸಿಮೆಂಟು. ಇಲ್ಲಿನ ಮನೆಯವರು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಸಲಹೆಗೆ ಬೆಲೆ ಬಂದಿರುವುದು ಇದೇ ಕಾರಣಕ್ಕೆ. ಒಂದೇ ಸಾಲಿನ, ಒಂದೇ ಕಾಲದ ಮನೆಗಳಿಗೆ ಒಂದೇ ಮಣ್ಣು, ಒಂದೇ ಸುಣ್ಣ, ಬಹಳ ಕಡೆ ಮೇಸ್ತ್ರಿಯ ಕೈಯೂ ಒಂದೇ. ಪಕ್ಕದ ಮನೆ ಮೂರು ವರ್ಷದ ಹಿಂದೆ ಕಲಿತದ್ದು ಈ ಮನೆಗೆ ಇಂದು ಬೇಕಾಗುತ್ತದೆ.

ಇಂಥ ಮನೆಗಳಲ್ಲಿ ಮತ್ತೆಮತ್ತೆ ಕಾಣುವ ಒಂದು ಗೋಡೆಯ ಕಥೆ ಹೇಳುತ್ತೇನೆ. ನಡುಮನೆಯ ಬೀದಿ ಕಡೆಯ ಗೋಡೆ. ನೆಲದಿಂದ ಸೊಂಟದೆತ್ತರದವರೆಗೆ ಬಣ್ಣ ಉಬ್ಬಿ ಗುಳ್ಳೆಯಾಗಿದೆ. ಗುಳ್ಳೆ ಒಡೆದ ಕಡೆ ಬಿಳಿಯ ಉಪ್ಪು ಹತ್ತಿಯ ಎಳೆಗಳಂತೆ ಹೊರಬಂದಿದೆ. ಉಗುರಿನಿಂದ ಕೆರೆದರೆ ಸಿಮೆಂಟಿನ ಚಕ್ಕೆ ಅಂಗೈಯಗಲಕ್ಕೆ ಎದ್ದು ಬರುತ್ತದೆ, ಅದರ ಹಿಂದಿನ ಹಳೆಯ ಗಾರೆ ಒದ್ದೆ ಮರಳಿನಂತೆ ಉದುರುತ್ತದೆ. ಮನೆಯವರು ಆಗಲೇ ಒಂದಲ್ಲ ಎರಡು ಸಲ ಪ್ಲಾಸ್ಟರ್ ಮಾಡಿಸಿ, ವಾಟರ್‌ಪ್ರೂಫ್ ಬಳಿಸಿ, ಮೇಲೆ ದುಬಾರಿ ಬಣ್ಣ ಹೊಡೆಸಿರುತ್ತಾರೆ. ಪ್ರತಿ ಸಲವೂ ತೇವ ಇನ್ನರ್ಧ ಅಡಿ ಮೇಲಕ್ಕೇ ಏರಿರುತ್ತದೆ.

ನೋಡಲು ಬಂದ ಎದುರುಮನೆಯ ಹಿರಿಯರು ಗೋಡೆಯ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹೊರಗೆ ಹೋಗಿ ಬೀದಿಯಲ್ಲಿ ನಿಲ್ಲುತ್ತಾರೆ. "ನೋಡಿ ಸಾರ್, ನಿಮ್ಮ ಜಗಲಿಗೆ ಮೊದಲು ಮೂರು ಮೆಟ್ಟಿಲಿತ್ತು. ಈಗ ಎಷ್ಟಿದೆ ಎಣಿಸಿ." ಒಂದು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗಿದೆ, ಮನೆ ಇದ್ದಲ್ಲೇ ಇದೆ. ಮಳೆನೀರು ಮೋರಿಗೆ ಹೋಗುವ ಬದಲು ಗೋಡೆಯ ಬುಡದಲ್ಲಿ ನಿಲ್ಲುತ್ತದೆ. ಮೇಲಾಗಿ ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿದ್ದರಿಂದ ನೆಲದೊಳಗಿನ ತೇವಕ್ಕೆ ಆವಿಯಾಗಲು ಉಳಿದ ದಾರಿ ಗೋಡೆಯೊಂದೇ.

ಇಟ್ಟಿಗೆ ಸುಣ್ಣದ ಗೋಡೆ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಅದನ್ನು ಕಟ್ಟಿದವರು ಹಾಗೆಂದು ತಿಳಿದೇ ಕಟ್ಟಿದ್ದರು. ಅದರ ಮೇಲೆ ಸಿಮೆಂಟಿನ ಗಟ್ಟಿ ಪದರ ಮೆತ್ತಿ, ಪದರದ ಮೇಲೆ ಪ್ಲಾಸ್ಟಿಕ್ ಅಂಶದ ಬಣ್ಣ ಬಳಿದರೆ ಕುಡಿದ ನೀರು ಹೊರಗೆ ಹೋಗಲಾರದು. ಅದು ಒಳಗೊಳಗೇ ಮೇಲೇರುತ್ತದೆ. ಜೊತೆಗೆ ಬಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ, ಹರಳು ಬೆಳೆದಂತೆ ಪ್ಲಾಸ್ಟರನ್ನು ಮುಂದಕ್ಕೆ ನೂಕುತ್ತದೆ. ಗೋಡೆ ಹಾಳಾಗಿರುವುದು ನೀರಿನಿಂದ ನಿಜ, ಆದರೆ ಅರ್ಧ ಪಾಲು ಹಾಳು ಮಾಡಿದ್ದು ನಮ್ಮ ರಿಪೇರಿಯೇ. ಈ ಬೀದಿಗಳಲ್ಲಿ ನಾನು ಕೇಳಿದ ಸಲಹೆಗಳಲ್ಲೆಲ್ಲ ಇದಕ್ಕಿಂತ ಮುಖ್ಯವಾದದ್ದು ಇಲ್ಲ: ಮೊದಲು ನೀರು ಬರುವ ದಾರಿ ಹುಡುಕಿ, ಆಮೇಲೆ ಗೋಡೆ ಮುಟ್ಟಿ.

ದಾರಿ ಹುಡುಕಲು ದುಡ್ಡು ಬೇಕಿಲ್ಲ. ಒದ್ದೆ ಕಾಣುವ ಕಡೆ ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹನಿ ಹಾಳೆಯ ಒಳಮೈಗೆ ಕೂತಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಗೆ ಕೂತಿದ್ದರೆ ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಸಾಕು. ಮಳೆಗಾಲದಲ್ಲಿ ಮಾತ್ರ ಒದ್ದೆಯೋ, ವರ್ಷವಿಡೀ ಒದ್ದೆಯೋ ಎಂಬುದನ್ನೂ ಗಮನಿಸಬೇಕು. ಬೇಸಿಗೆಯಲ್ಲೂ ಒಣಗದಿದ್ದರೆ ಗೋಡೆಯೊಳಗಿನ ಪೈಪನ್ನೋ ಹಿಂಬದಿಯ ಬಚ್ಚಲನ್ನೋ ಅನುಮಾನಿಸಬೇಕು. ಮನೆಯ ನಲ್ಲಿಗಳನ್ನೆಲ್ಲ ಭದ್ರವಾಗಿ ನಿಲ್ಲಿಸಿ ನೀರಿನ ಮೀಟರ್ ನೋಡಿ, ಮುಳ್ಳು ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಸಂಪಿನ ಮೇಲೆ ಅನುಮಾನವಿದ್ದರೆ ರಾತ್ರಿ ವಾಲ್ವ್ ಮುಚ್ಚಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದಿಟ್ಟು ಬೆಳಿಗ್ಗೆ ನೋಡಬೇಕು. ಫ್ಲಶ್ ತೊಟ್ಟಿಗೆ ಚಿಟಿಕೆ ಬಟ್ಟೆನೀಲಿ ಹಾಕಿ, ಫ್ಲಶ್ ಮಾಡದೆಯೇ ಕಮೋಡಿನಲ್ಲಿ ನೀಲಿ ಕಂಡರೆ ಒಳಗಿನ ರಬ್ಬರ್ ವಾಷರ್ ಬದಲಿಸುವ ಕಾಲ ಬಂದಿದೆ. ಇವೆಲ್ಲ ಹೆಂಗಸರು ಹೆಂಗಸರಿಗೆ ಕಾಂಪೌಂಡಿನ ಆಚೀಚೆ ನಿಂತು ಹೇಳಿಕೊಟ್ಟು ಹರಡಿದ ವಿದ್ಯೆ. ಮನೆಯ ನೀರಿನ ಲೆಕ್ಕ ಇವತ್ತಿಗೂ ಅವರ ಕೈಯಲ್ಲೇ ಇರುವುದು.

ದಾರಿ ಸಿಕ್ಕ ಮೇಲಿನ ಕೆಲಸ ನಿಧಾನದ್ದು. ಗೋಡೆಯ ಬುಡಕ್ಕೆ ತಾಗಿದ ಕಾಂಕ್ರೀಟನ್ನು ಒಂದಡಿಯಾದರೂ ಅಗಲಕ್ಕೆ ಒಡೆದು ತೆಗೆದು ಜಲ್ಲಿ ತುಂಬಿ, ನೀರು ಮೋರಿಯ ಕಡೆ ಹರಿಯುವಂತೆ ಇಳಿಜಾರು ಕೊಡಬೇಕು. ಒಳಗೆ ತೇವದ ಗೆರೆಗಿಂತ ಒಂದೆರಡು ಅಡಿ ಮೇಲಿನವರೆಗೆ ಸಿಮೆಂಟನ್ನು ಕಿತ್ತು ಗೋಡೆಯನ್ನು ಬೇಸಿಗೆಯಿಡೀ ಬರಿಮೈಯಲ್ಲಿ ಬಿಡಬೇಕು. ನೆಂಟರು ಬಂದಾಗ ನೋಡಲು ಚೆನ್ನಾಗಿರುವುದಿಲ್ಲ, ಬಿಡಲೇಬೇಕು. ಆಮೇಲೆ ಸುಣ್ಣದ ಗಾರೆ, ಅದರ ಮೇಲೆ ಸುಣ್ಣದ್ದೇ ಬಳಿತ.

ಸುಣ್ಣದ ಗಾರೆಯ ಕೆಲಸ ಬಲ್ಲವರು ಈಗ ಬೆರಳೆಣಿಕೆಯಷ್ಟು. ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದರೆ ಕುದಿದು ಅರಳುತ್ತದೆ. ಅದನ್ನು ತೊಟ್ಟಿಯಲ್ಲಿ ನೀರಿನಡಿ ವಾರಗಟ್ಟಲೆ ಕೊಳೆಯಿಸಿದಷ್ಟೂ ಬೆಣ್ಣೆಯ ಹದಕ್ಕೆ ಬರುತ್ತದೆ. ಹಿಂದೆ ಇದಕ್ಕೆ ಮರಳು, ಇಟ್ಟಿಗೆಯ ಪುಡಿಯಾದ ಸುರ್ಕಿ ಸೇರಿಸಿ, ಎತ್ತು ಎಳೆಯುವ ಕಲ್ಲುಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದುದೂ ಉಂಟು. ಗೋಡೆಗೆ ಹಚ್ಚಿದ ಮೇಲೆ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಹೀರುತ್ತ ತಿಂಗಳುಗಟ್ಟಲೆ ಗಟ್ಟಿಯಾಗುತ್ತ ಹೋಗಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಗುತ್ತಿಗೆದಾರನಿಗೆ ಇಷ್ಟು ಕಾಯುವ ಪುರುಸೊತ್ತಿಲ್ಲ. "ಸಿಮೆಂಟ್ ಹಾಕ್ಬಿಡಿ ಯಜಮಾನ್ರೇ, ಗಟ್ಟಿ" ಎನ್ನುತ್ತಾನೆ. ಗಟ್ಟಿ ಎಂಬುದು ಸುಳ್ಳಲ್ಲ. ಆದರೆ ಮೆತ್ತಗಿನ ಗೋಡೆಯ ಮೇಲೆ ಗಟ್ಟಿ ಪದರ ಕೂತರೆ ಕೊನೆಗೆ ಸೋಲುವುದು ಗೋಡೆ.

ತಾರಸಿಗೂ ಇದೇ ನ್ಯಾಯ. ಮದ್ರಾಸ್ ತಾರಸಿಯೆಂದರೆ ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಸುಣ್ಣದಲ್ಲಿ ಓರೆಯಾಗಿ ನಿಲ್ಲಿಸಿ, ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಹರಡಿ, ಮರದ ಕೋಲುಗಳಿಂದ ದಿನಗಟ್ಟಲೆ ಬಡಿದು ಮಾಡಿದ ಸೂರು. ಸೋರುತ್ತದೆಂದು ಅದರ ಮೇಲೆ ಮೂರಿಂಚು ಕಾಂಕ್ರೀಟ್ ಸುರಿಸುವವರಿದ್ದಾರೆ. ಭಾರವೆಲ್ಲ ಹಳೆಯ ತೊಲೆಯ ಮೇಲೆ ಬೀಳುತ್ತದೆ. ಬಿರುಕಿನಲ್ಲಿ ಇಳಿದ ನೀರು ಎರಡು ಪದರಗಳ ನಡುವೆ ಸಿಕ್ಕಿಕೊಂಡು ತೊಲೆಯ ತುದಿಯನ್ನು ಕೊಳೆಯಿಸುತ್ತದೆ. ತೊಲೆ ಗೋಡೆಯೊಳಗೆ ಹೊಕ್ಕ ಆ ತುದಿ ಕಣ್ಣಿಗೆ ಬೀಳದ ಜಾಗ. ಅಲ್ಲಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಬೇಕು. ಪೊಳ್ಳು ಸದ್ದು ಬಂದರೆ ಕೊಳೆತವೋ ಗೆದ್ದಲೋ ಒಳಗೆ ಕೂತಿದೆ. ಪ್ಯಾರಪೆಟ್ಟಿನ ಬಿರುಕಿನಲ್ಲಿ ಮೊಳೆತ ಅರಳಿ ಸಸಿಯ ವಿಷಯದಲ್ಲಂತೂ ದಾಕ್ಷಿಣ್ಯ ಬೇಡ. ಎರಡೆಲೆ ಇದ್ದಾಗ ಬೇರುಸಹಿತ ಬರುತ್ತದೆ. ಬೆರಳುಗಾತ್ರವಾದ ಮೇಲೆ ಗೋಡೆಯನ್ನು ಬಿಚ್ಚದೆ ಬರುವುದಿಲ್ಲ.

ಹೆಂಚಿನ ಮನೆಯವರದು ಬೇರೆಯೇ ಕೊಡುಕೊಳ್ಳುವಿಕೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಅಂಥ ಕಾರ್ಖಾನೆಗಳು ಹಲವು ಬಂದವು, ಒಬ್ಬೊಬ್ಬರದು ಒಂದೊಂದು ಮುದ್ರೆ. ನೋಡಲು ಎಲ್ಲ ಒಂದೇ. ಆದರೆ ಒಂದು ಕಾರ್ಖಾನೆಯ ಹೆಂಚಿನ ಗಾಡಿಯಲ್ಲಿ ಇನ್ನೊಂದರ ಅಂಚು ಸರಿಯಾಗಿ ಕೂರುವುದಿಲ್ಲ, ಕೂದಲೆಳೆಯ ಸಂದಿನಲ್ಲೇ ಬಿರುಮಳೆಯ ನೀರು ಒಳಗೆ ಬರುತ್ತದೆ. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಹಾಗಾಗಿ ಯಾರ ಮನೆಯಾದರೂ ಕೆಡವುತ್ತಾರೆಂದರೆ ಬೀದಿಯವರು ಮೊದಲು ಹೋಗಿ ನೋಡುವುದು ಹೆಂಚಿನ ಹಿಂಬದಿಯ ಮುದ್ರೆಯನ್ನು. ತಮ್ಮ ಮನೆಯದಕ್ಕೆ ಹೊಂದಿದರೆ ಇಪ್ಪತ್ತೋ ಮೂವತ್ತೋ ತಂದು ಹಿತ್ತಲ ಗೋಡೆಗೆ ಒರಗಿಸಿಡುತ್ತಾರೆ. ಬೇಕಾದ ನೆರೆಯವರಿಗೆ ಅದರಲ್ಲಿ ನಾಲ್ಕು ಹೋಗುತ್ತದೆ, ಬದಲಿಗೆ ಯಾವತ್ತೋ ಒಂದು ಹಳೆಯ ತೇಗದ ರೀಪರ್ ಬರುತ್ತದೆ.

ಹಳೆಯ ಮನೆಯ ಸಾಮಾನು ಹೊಸ ಜಾಗಕ್ಕೆ ಹೋಗುವುದು ಈ ಬಡಾವಣೆಗೆ ಹುಟ್ಟಿನಿಂದಲೇ ಬಂದದ್ದು. ಟಿಪ್ಪು ಸುಲ್ತಾನ್ 1787ರಲ್ಲಿ ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಸುಮಾರು ಒಂದು ಮೈಲಿ ದೂರದ ಈ ದಿಣ್ಣೆಗೆ ತರಿಸಿ ನಜರ್‌ಬಾದ್ ಕೋಟೆ ಕಟ್ಟಲು ತೊಡಗಿದ. 1799ರಲ್ಲಿ ಅವನು ಮಡಿದು ಒಡೆಯರ ಆಳ್ವಿಕೆ ಮರಳಿದ ಮೇಲೆ ಅದೇ ಕಲ್ಲುಗಳನ್ನು ಹೊತ್ತು ತಂದು ಹಳೆಯ ಕೋಟೆಯನ್ನು ಮತ್ತೆ ಕಟ್ಟಿದರು. 2022ರ ಅಕ್ಟೋಬರ್ ಮಳೆಗೆ ಅದೇ ಅರಮನೆ ಕೋಟೆಯ ಗೋಡೆಯ ಒಂದು ಭಾಗ ಕುಸಿಯಿತು. ಕಲ್ಲಿನ ಕೋಟೆಯ ಪಾಡೇ ಹೀಗಿರುವಾಗ ಒಂದಿಟ್ಟಿಗೆ ಗೋಡೆಯ ಮನೆಯವರು ನೀರನ್ನು ಲಘುವಾಗಿ ಕಾಣುವಂತಿಲ್ಲ.

ಕುಸಿತದ ಭಯ ಈ ಊರಿಗೆ ಹೊಸದಲ್ಲ. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಬಿತ್ತು. ಅವನ್ನು ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಆ ವಾದ ಮನೆಮನೆಯ ಜಗಲಿಗೂ ಬಂದಿದೆ: ರಿಪೇರಿ ಮಾಡಿಸೋಣವೋ, ಕೆಡವಿ ಅಪಾರ್ಟ್‌ಮೆಂಟಿಗೆ ಕೊಡೋಣವೋ? ಉಳಿಸಬಹುದಾದ ಮನೆಯನ್ನು ತಪ್ಪು ರಿಪೇರಿ ಮಾಡಿಸಿ, ಸೋತು, ಬೇಸತ್ತು ಕೆಡವುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅಂಥ ಮನೆಗಳಲ್ಲಿ ಹಲವಕ್ಕೆ ಬೇಕಿದ್ದುದು ಹಣಕ್ಕಿಂತ ಹೆಚ್ಚಾಗಿ ಸರಿಯಾದ ಹೊತ್ತಿಗೆ ಸರಿಯಾದ ಮಾತು.

ಆದರೆ ನೆರೆಯವರ ಮಾತಿಗೂ ಒಂದು ಗಡಿ ಇದೆ. ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೀಟು ಹಾಕಿ ತಾರೀಕು ಬರೆದಿಡಿ ಎನ್ನುವವರೆಗೆ ಅವರು ಹೇಳಬಹುದು. ಗೀಟು ದಾಟಿ ಬಿರುಕು ಬೆಳೆಯುತ್ತಿದ್ದರೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಒಂದು ಬದಿಗೆ ಅಗಲವಾಗುತ್ತಿದ್ದರೆ, ಅಲ್ಲಿಂದಾಚೆ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಬೇಕು. ಹಾಲ್ ದೊಡ್ಡದಾಗಲೆಂದು ನಡುಗೋಡೆ ತೆಗೆಸುವ ಮಾತನ್ನು, ಅದೇ ಬೀದಿಯಲ್ಲಿ ಇನ್ನೊಬ್ಬರು ತೆಗೆಸಿ ಏನೂ ಆಗಿಲ್ಲ ಎಂಬ ಭರವಸೆಯ ಮೇಲೆ ಎಂದಿಗೂ ಒಪ್ಪಬಾರದು. ವಿದ್ಯುತ್ತಿನದೂ ಹಾಗೆಯೇ. ಹಳೆಯ ಮರದ ಪಟ್ಟಿಯ ವೈರಿಂಗಿಗೆ ಗೀಸರ್ ಸಿಕ್ಕಿಸುವ ಮನೆಗಳು ಇನ್ನೂ ಇವೆ. ಒದ್ದೆ ಗೋಡೆಯೊಳಗೆ ವೈರ್ ಇದ್ದರೆ ಆ ಗೋಡೆ ಮುಟ್ಟುವುದೂ ಅಪಾಯ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಬಟನ್ನನ್ನು ಆಗಾಗ ಒತ್ತಿ ನೋಡಿ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ಮರೆಯಬೇಡಿ.

ಒಳ್ಳೆಯ ಮೇಸ್ತ್ರಿಯ ನಂಬರು ಬೀದಿಯ ಆಸ್ತಿಯಂತೆ ಕೈಯಿಂದ ಕೈಗೆ ಹೋಗುತ್ತದೆ. ಅವನನ್ನು ಅಳೆಯಲು ಒಬ್ಬ ಅಜ್ಜಿ ಹೇಳಿಕೊಟ್ಟ ಬಗೆ ನನಗೆ ತುಂಬ ಹಿಡಿಸಿತು: "ಬಂದೋನು ಮೊದಲು ತಾರಸಿ ಹತ್ತಿದ್ರೆ ಇಟ್ಕೋ. ಗೋಡೆ ನೋಡ್ತಾನೇ ರೇಟ್ ಹೇಳಿದ್ರೆ ಕಾಫಿ ಕೊಟ್ಟು ಕಳಿಸಿಬಿಡು ಮಗಾ." ಆದರೆ ಸುಣ್ಣದ ಕೆಲಸ ಬಲ್ಲ ಅಂಥವರಿಗೆ ಈಗ ವಯಸ್ಸಾಗಿದೆ, ಅವರ ಮಕ್ಕಳು ಟೈಲ್ಸ್ ಕೆಲಸಕ್ಕೆ ಹೋಗುತ್ತಾರೆ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಇರುವುದು ಮೈಸೂರಿನಲ್ಲೇ. ಪಾರಂಪರಿಕ ಕಟ್ಟಡಗಳ ದುರಸ್ತಿಯಲ್ಲಿ ಸುಣ್ಣದ ಗಾರೆ ಕಲಸುವ ದಿನಗಳಲ್ಲಿ ಒಂದು ದಿನವನ್ನು ಊರಿನ ಮನೆಯವರಿಗೂ ಎಳೆಯ ಮೇಸ್ತ್ರಿಗಳಿಗೂ ತೆರೆದಿಟ್ಟರೆ, ಹದ ಹೇಗಿರಬೇಕೆಂದು ಕೈಯಲ್ಲಿ ಮುಟ್ಟಿ ನೋಡಲು ಬಿಟ್ಟರೆ ಸಾಕು. ನಜರ್‌ಬಾದಿನವರು ಖಂಡಿತ ಹೋಗುತ್ತಾರೆ, ಕಲಿತು ಬಂದದ್ದನ್ನು ಆ ಸಂಜೆಯೇ ಪಕ್ಕದ ಮನೆಗೆ ಹೇಳುತ್ತಾರೆ.