ತನ್ನ ಸೂರ್ಯನತ್ತ ಜಾರುತ್ತಿರುವ ಗ್ರಹ

ಚಂದ್ರನು ವರ್ಷಕ್ಕೆ ಸುಮಾರು 3.8 ಸೆಂಟಿಮೀಟರಿನಷ್ಟು ನಮ್ಮಿಂದ ದೂರ ಸರಿಯುತ್ತಿದ್ದಾನೆ. 1969ರಿಂದ ಮೊದಲ್ಗೊಂಡು ಅವನ ನೆಲದ ಮೇಲೆ ಇರಿಸಿ ಬಂದ ಕನ್ನಡಿಗಳಿಗೆ ಲೇಸರ್ ಕಿರಣ ಹಾಯಿಸಿ ಇದನ್ನು ಅಳೆದಿದ್ದಾರೆ. ಕಾರಣ, ಕಡಲಿನ ಉಬ್ಬರ. ಚಂದ್ರನ ಸೆಳೆತಕ್ಕೆ ಉಬ್ಬಿದ ನೀರನ್ನು ಭೂಮಿಯು ತನ್ನ ತಿರುಗಾಟದ ಭರದಲ್ಲಿ ತುಸು ಮುಂದಕ್ಕೆ ಒಯ್ಯುತ್ತದೆ. ಆ ಉಬ್ಬು ಚಂದ್ರನನ್ನು ಮುಂದಕ್ಕೆಳೆಯುತ್ತದೆ; ಅವನ ಕಕ್ಷೆ ಹಿಗ್ಗುತ್ತದೆ. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನರ ಮಗ ಜಾರ್ಜ್ ಡಾರ್ವಿನ್ 19ನೆಯ ಶತಮಾನದಲ್ಲಿಯೇ ಇದರ ಗಣಿತವನ್ನು ಬೆಳೆಸಿದ್ದರು.

ಇದೇ ನಿಯಮ ತಿರುಗುಮುರುಗಾಗುವ ಲೋಕಗಳೂ ಉಂಟು. ನಮ್ಮ ಗುರುಗ್ರಹ ಸೂರ್ಯನನ್ನು ಸುತ್ತಲು ಹೆಚ್ಚುಕಡಿಮೆ 12 ವರ್ಷ ಬೇಕು. 1995ರಲ್ಲಿ ಮೇಯರ್ ಮತ್ತು ಕೆಲೋ ಎಂಬ ಸ್ವಿಸ್ ವಿಜ್ಞಾನಿಗಳು, ಗುರುವಿನ ಜಾತಿಯದೇ ಆದ ಗ್ರಹವೊಂದು ಬೇರೊಂದು ನಕ್ಷತ್ರವನ್ನು ನಾಲ್ಕೇ ದಿನಗಳಲ್ಲಿ ಸುತ್ತುವುದನ್ನು ಕಂಡರು. 2008ರಲ್ಲಿ ಇನ್ನೂ ವಿಚಿತ್ರವಾದುದೊಂದು ಬೆಳಕಿಗೆ ಬಂದಿತು. ಬ್ರಹ್ಮಹೃದಯ ತಾರೆಯಿರುವ ವಿಜಯಸಾರಥಿ ಪುಂಜದ ಈ ಗ್ರಹಕ್ಕೆ ವಾಸ್ಪ್-12ಬಿ ಎಂದು ಹೆಸರು. ನಕ್ಷತ್ರದಿಂದ ಅದಕ್ಕಿರುವ ದೂರ ಸುಮಾರು 35 ಲಕ್ಷ ಕಿಲೋಮೀಟರು; ಒಂದು ಸುತ್ತಿಗೆ 26 ಗಂಟೆ. ಅದರ ಒಂದು 'ವರ್ಷ'ವೆಂದರೆ ಇಷ್ಟೇ!

ಅಷ್ಟು ಹತ್ತಿರದ ದೈತ್ಯನ ಸೆಳೆತಕ್ಕೆ ನಕ್ಷತ್ರದ ಅನಿಲದ ಒಡಲೇ ಉಬ್ಬುತ್ತದೆ. ಆದರೆ ಇಲ್ಲಿ ನಕ್ಷತ್ರದ ತಿರುಗಾಟ ನಿಧಾನ, ಗ್ರಹದ ಓಟ ಜೋರು. ಆದ್ದರಿಂದ ಉಬ್ಬು ಹಿಂದುಳಿದು ಗ್ರಹವನ್ನು ಹಿಂದಕ್ಕೆ ಜಗ್ಗುತ್ತದೆ. ಹಾಗೆ ಜಗ್ಗಿದರೆ ಗ್ರಹದ ವೇಗ ಕುಗ್ಗಬೇಕಲ್ಲವೆ ಎಂದು ತೋರುವುದು ಸಹಜ. ಆಗುವುದು ಬೇರೆ. ಗ್ರಹ ಒಳಕ್ಕಿಳಿಯುತ್ತದೆ, ಇಳಿದಂತೆಲ್ಲ ದಾರಿ ಕಿರಿದಾಗಿ, ವೇಗ ಹೆಚ್ಚುತ್ತದೆ.

ಇದನ್ನು ಕಂಡುಹಿಡಿದದ್ದು ಗಡಿಯಾರದಿಂದ. ಪ್ರತಿ ಸುತ್ತಿನಲ್ಲಿಯೂ ಗ್ರಹವು ನಕ್ಷತ್ರಕ್ಕೆ ಅಡ್ಡ ಬಂದಾಗ ಬೆಳಕು ಸ್ವಲ್ಪ ಮಂದವಾಗುತ್ತದೆ. ಸುತ್ತಿನ ಅವಧಿ ವರ್ಷಕ್ಕೆ ಸುಮಾರು 29 ಮಿಲಿಸೆಕೆಂಡಿನಷ್ಟು, ಎಂದರೆ ಸೆಕೆಂಡಿನ ಮೂವತ್ತನಾಲ್ಕನೆಯ ಒಂದು ಪಾಲಿನಷ್ಟು, ಕುಗ್ಗುತ್ತಿದೆ. ಅದೇನು ಮಹಾ ಎನ್ನಬೇಡಿ. ಮುಂದೋಡುವ ಗಡಿಯಾರವನ್ನು ರೇಡಿಯೋ ಕೇಳಿ ಸರಿಪಡಿಸದೆ ಬಿಟ್ಟಂತೆ, ಸುತ್ತುಸುತ್ತಿಗೂ ಉಳಿದದ್ದು ಕೂಡುತ್ತ ಹೋಗಿ, ಹತ್ತು ವರ್ಷಗಳಲ್ಲಿ ಗ್ರಹವು ಎಂಟು ನಿಮಿಷ ಮೊದಲೇ ಹಾಜರಾಗುತ್ತದೆ.

ಆದರೂ ಒಂದು ಸಂಶಯವಿತ್ತು. ಕಕ್ಷೆ ಅಂಡಾಕಾರವಾಗಿದ್ದು, ಆ ಅಂಡವೇ ಮೆಲ್ಲನೆ ತಿರುಗುತ್ತಿದ್ದರೂ ಹೊತ್ತು ತಪ್ಪಬಹುದು. ಹಾಗಿದ್ದರೆ ಗ್ರಹವು ಮುಂದೆ ಹಾಯುವುದು ಬೇಗನಾದಾಗ, ನಕ್ಷತ್ರದ ಹಿಂದೆ ಮರೆಯಾಗುವುದು ತಡವಾಗಬೇಕು. ನೋಡಿದಾಗ ಎರಡೂ ಬೇಗನೆ ಆಗುತ್ತಿದ್ದವು. 2020ರಲ್ಲಿ ಈ ಫಲಿತಾಂಶ ಪ್ರಕಟವಾಗಿ ವಾದ ಮುಗಿಯಿತು: ಗ್ರಹ ನಿಜವಾಗಿಯೂ ಜಾರುತ್ತಿದೆ.

ಇದೇ ಲೆಕ್ಕದಲ್ಲಿ ಅದಕ್ಕೆ ಉಳಿದಿರುವುದು ಸುಮಾರು 30 ಲಕ್ಷ ವರ್ಷ. ಪಂಚಾಂಗದ ಎಣಿಕೆಯಂತೆ ಕಲಿಯುಗಕ್ಕೆ 4,32,000 ವರ್ಷವಾದ್ದರಿಂದ, ಏಳು ಕಲಿಯುಗಗಳು. ನಕ್ಷತ್ರಗಳ ಆಯುಸ್ಸಿನಲ್ಲಿ ಅದು ಕ್ಷಣಮಾತ್ರ. 2022ರಲ್ಲಿ ಕೆಪ್ಲರ್-1658ಬಿ ಎಂಬ ಇನ್ನೊಂದು ಗ್ರಹವೂ ಹೀಗೆಯೇ ಇಳಿಯುತ್ತಿರುವುದು ತಿಳಿದುಬಂದಿತು. ಅದರ ನಕ್ಷತ್ರ ಮುಪ್ಪಿನತ್ತ ಹೊರಳಿ ಊದಿಕೊಂಡದ್ದು. ಇಂತಹ ಬೇರೆ ಎಷ್ಟೋ ಗ್ರಹಗಳನ್ನು ವರ್ಷಗಟ್ಟಲೆ ಕಾದು ನೋಡಿದರೂ ಅವು ಹೊತ್ತಿಗೆ ಸರಿಯಾಗಿಯೇ ಬರುತ್ತಿವೆ. ವಾಸ್ಪ್-12 ತಾರೆಯ ಒಡಲಿನಲ್ಲಿ ಮಾತ್ರ ಉಬ್ಬರದ ಶಕ್ತಿ ಇಷ್ಟು ಬೇಗ ಕರಗುವುದೇಕೆ ಎಂಬುದೇ ಈಗ ವಿಜ್ಞಾನಿಗಳ ಮುಂದಿರುವ ಪ್ರಶ್ನೆ.