ಚಂದ್ರಗಿರಿಯ ಶಾಸನ ಹೇಳುವ ನಿಮಿತ್ತ ಶಾಸ್ತ್ರ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬರುವ ಯಾತ್ರಿಕರಲ್ಲಿ ಹೆಚ್ಚಿನವರು ವಿಂಧ್ಯಗಿರಿಯನ್ನೇರಿ ಗೊಮ್ಮಟನ ದರ್ಶನ ಮುಗಿಸಿ ಹಿಂದಿರುಗುತ್ತಾರಾದರೂ, ಕ್ಷೇತ್ರದ ಲಿಖಿತ ಇತಿಹಾಸ ಆರಂಭವಾಗುವುದು ಅದರ ಎದುರಿಗಿರುವ ಚಿಕ್ಕಬೆಟ್ಟ ಅಥವಾ ಚಂದ್ರಗಿರಿಯಲ್ಲಿ. ಅಲ್ಲಿಯ ಪಾರ್ಶ್ವನಾಥ ಬಸದಿಯ ಬಳಿ ಬಂಡೆಯ ಮೇಲೆ ಕೊರೆದಿರುವ, ಸುಮಾರು ಕ್ರಿ.ಶ. 600ರ ಕಾಲದ್ದೆಂದು ವಿದ್ವಾಂಸರು ಗುರುತಿಸಿರುವ ಸಂಸ್ಕೃತ ಶಾಸನವು, ಉಜ್ಜಯಿನಿಯಲ್ಲಿದ್ದ ಭದ್ರಬಾಹುಸ್ವಾಮಿಗಳು ಅಷ್ಟಾಂಗ ಮಹಾನಿಮಿತ್ತವನ್ನು ಬಲ್ಲವರಾಗಿದ್ದು, ಹನ್ನೆರಡು ವರ್ಷಗಳ ಕೇಡುಗಾಲ ಬರಲಿರುವುದನ್ನು ಮುಂಚಿತವಾಗಿ ಅರಿತು ಸಂಘಕ್ಕೆ ತಿಳಿಸಿದರೆಂದೂ, ಅದನ್ನು ಕೇಳಿ ಇಡೀ ಸಂಘವು ಉತ್ತರಾಪಥವನ್ನು ತೊರೆದು ದಕ್ಷಿಣಕ್ಕೆ ಹೊರಟಿತೆಂದೂ ಹೇಳುತ್ತದೆ. ಮುಂದಾಗುವುದನ್ನು ತಿಳಿಯುವ ವಿದ್ಯೆಯ ಬಗ್ಗೆ ಹಾಸನ ಜಿಲ್ಲೆಯಲ್ಲಿ ದೊರೆಯುವ ಅತ್ಯಂತ ಹಳೆಯ ದಾಖಲೆಗಳಲ್ಲಿ ಇದೊಂದಾಗಿದ್ದು, ಆ ವಿದ್ಯೆಯ ಸ್ವರೂಪವೇನು, ಅದಕ್ಕಿದ್ದ ಕಟ್ಟುಪಾಡುಗಳೇನು ಎಂಬುದು ಇಂದಿಗೂ ಗಮನಿಸಬೇಕಾದ ವಿಷಯ.

ನಿಮಿತ್ತವೆಂದರೆ ಮುಂಬರುವುದನ್ನು ಸೂಚಿಸುವ ಗುರುತು. ಅದು ಫಲವನ್ನು ತಿಳಿಸುತ್ತದೆಯೇ ಹೊರತು ಫಲವನ್ನು ಉಂಟುಮಾಡುವುದಿಲ್ಲ. ಜೈನ ಗ್ರಂಥಗಳು ಇದನ್ನು ಎಂಟು ಅಂಗಗಳಾಗಿ ವಿಂಗಡಿಸುತ್ತವೆ: ಗ್ರಹನಕ್ಷತ್ರಗಳನ್ನೂ ಆಕಾಶದ ಉತ್ಪಾತಗಳನ್ನೂ ನೋಡುವುದು ಅಂತರಿಕ್ಷ, ನೆಲದ ಗುಣವನ್ನು ನೋಡುವುದು ಭೌಮ, ಅವಯವಗಳನ್ನು ನೋಡುವುದು ಅಂಗ, ಮನುಷ್ಯರ ಹಾಗೂ ಪಶುಪಕ್ಷಿಗಳ ದನಿಯನ್ನು ಆಲಿಸುವುದು ಸ್ವರ, ಮಚ್ಚೆಗಳನ್ನು ಗುರುತಿಸುವುದು ವ್ಯಂಜನ, ಶಂಖಚಕ್ರಾದಿ ಶುಭರೇಖೆಗಳನ್ನು ಗುರುತಿಸುವುದು ಲಕ್ಷಣ, ಬಟ್ಟೆ ಮೊದಲಾದವು ಹರಿದ ಅಥವಾ ಇಲಿ ಕಡಿದ ಬಗೆಯನ್ನು ನೋಡುವುದು ಛಿನ್ನ, ಕನಸನ್ನು ಬಿಡಿಸುವುದು ಸ್ವಪ್ನ. ಹಾಸನ, ಹೊಳೆನರಸೀಪುರ, ಅರಕಲಗೂಡು ಕಡೆಯ ಮನೆಗಳಲ್ಲಿ ಇಂದಿಗೂ ಕೇಳಿಬರುವ ಹಲ್ಲಿ ನುಡಿಯುವ ಶಕುನ, ದೇವರ ಬಲಗಡೆಯಿಂದ ಹೂ ಬೀಳಲೆಂದು ಕಾಯುವ ರೂಢಿ, ಪಂಚಾಂಗದ ಕೊನೆಯಲ್ಲಿ ಅಚ್ಚಾಗುವ ಹಲ್ಲಿ ಬಿದ್ದ ಫಲ ಇವೆಲ್ಲ ಇದೇ ಬಗೆಯ ಆಲೋಚನೆಗೆ ಸೇರಿದವು.

ಕನಸಿನ ಅಂಗಕ್ಕೆ ಬೆಳಗೊಳದ ಐತಿಹ್ಯಗಳಲ್ಲಿ ವಿಶೇಷ ಸ್ಥಾನವಿದೆ. 19ನೇ ಶತಮಾನದ ದೇವಚಂದ್ರನ ‘ರಾಜಾವಳಿ ಕಥೆ’ಯೂ ಸೇರಿದಂತೆ ಹಲವು ಜೈನ ಕೃತಿಗಳ ಪ್ರಕಾರ ದೊರೆ ಚಂದ್ರಗುಪ್ತನು ಒಂದೇ ರಾತ್ರಿ ಹದಿನಾರು ಕನಸುಗಳನ್ನು ಕಂಡು ಅವುಗಳ ಅರ್ಥವನ್ನು ಭದ್ರಬಾಹುಗಳಲ್ಲಿ ಕೇಳಿದನು. ಮುಳುಗುವ ಸೂರ್ಯನೆಂದರೆ ಜ್ಞಾನಕ್ಕೆ ಕವಿಯುವ ಕತ್ತಲೆ, ತೂತುಬಿದ್ದ ಚಂದ್ರನೆಂದರೆ ಧರ್ಮದಲ್ಲಿ ಹುಟ್ಟುವ ಪಂಗಡಗಳು, ಹನ್ನೆರಡು ಹೆಡೆಯ ಸರ್ಪವೆಂದರೆ ಹನ್ನೆರಡು ವರ್ಷಗಳ ಬರ ಎಂದು ಒಂದೊಂದನ್ನೂ ಬಿಡಿಸಿ ಹೇಳಿದ ಈ ಕಥೆಯಲ್ಲಿ, ಬಿಡಿ ಕನಸಿಗಿಂತ ಅವೆಲ್ಲ ಸೇರಿ ಕಟ್ಟಿಕೊಡುವ ಕಾಲದ ಚಿತ್ರವೇ ಮುಖ್ಯವಾಗುತ್ತದೆ. ಚಂದ್ರಗಿರಿಯ ಪುಟ್ಟ ಚಂದ್ರಗುಪ್ತ ಬಸದಿಯಲ್ಲಿ ಈ ಗುರುಶಿಷ್ಯರ ಚರಿತ್ರೆಯನ್ನು ಜಾಲಂಧ್ರಗಳ, ಅಂದರೆ ಬೆಳಕುಗಂಡಿಗಳಿರುವ ಕಲ್ಲಿನ ಫಲಕಗಳ, ಮೇಲೆ 90 ಚಿಕ್ಕ ಚೌಕಗಳಲ್ಲಿ ಕೆತ್ತಲಾಗಿದ್ದು, ದಾಸೋಜನೆಂಬ ಶಿಲ್ಪಿಯ ಹೆಸರೂ ಅಲ್ಲಿದೆ. ಗೊಮ್ಮಟನ ಮೂರ್ತಿಯ ಹಿಂದೆಯೂ ಕನಸೇ ಇದೆ. ಕೂಷ್ಮಾಂಡಿನಿ ದೇವಿ ಕನಸಿನಲ್ಲಿ ಬಂದು ಹೇಳಿದಂತೆ ಗಂಗರ ಮಂತ್ರಿ ಚಾವುಂಡರಾಯನು ಚಿಕ್ಕಬೆಟ್ಟದಿಂದ ಎದುರು ಬೆಟ್ಟಕ್ಕೆ ಬಾಣ ಬಿಟ್ಟಾಗ ಅಲ್ಲಿ ಗೊಮ್ಮಟನ ರೂಪ ಕಂಡಿತೆಂಬ ಕಥೆ ಪ್ರಸಿದ್ಧವಾಗಿದೆ.

ತಾನಾಗಿ ಒದಗುವ ಗುರುತನ್ನು ಓದುವುದು ಒಂದು ಮಾರ್ಗವಾದರೆ, ಪ್ರಶ್ನೆಯನ್ನು ಮುಂದಿಟ್ಟು ಗುರುತುಗಳನ್ನು ಬರಮಾಡಿಕೊಂಡು, ಗೊತ್ತಾದ ಸ್ಥಾನಗಳಲ್ಲಿ ಹರಡಿ ಓದುವುದು ಇನ್ನೊಂದು ಮಾರ್ಗ. ಈಗ ನಗರಗಳಲ್ಲಿ ಪರಿಚಿತವಾಗಿರುವ ಟ್ಯಾರೋ ಈ ಎರಡನೆಯ ಬಗೆಯದು. 15ನೇ ಶತಮಾನದ ಇಟಲಿಯಲ್ಲಿ ಆಟಕ್ಕೆಂದೇ ಹುಟ್ಟಿ, 18ನೇ ಶತಮಾನದ ಫ್ರಾನ್ಸಿನಲ್ಲಿ ಭವಿಷ್ಯ ಹೇಳುವ ಸಾಧನವಾಗಿ ಬೆಳೆದ ಈ 78 ಎಲೆಗಳ ಕಟ್ಟಿನಲ್ಲಿ, ಎಲೆಯ ಚಿತ್ರದಷ್ಟೇ ಅದು ಬಿದ್ದ ಜಾಗಕ್ಕೂ ಬೆಲೆಯಿದೆ. ‘ಕೆಲ್ಟಿಕ್ ಕ್ರಾಸ್’ ಎಂಬ ಹತ್ತು ಎಲೆಗಳ ಹಾಸಿನಲ್ಲಿ ಮೊದಲನೆಯದು ಸದ್ಯದ ಸ್ಥಿತಿಯನ್ನೂ, ಅದರ ಮೇಲೆ ಅಡ್ಡಲಾಗಿ ಇಡುವ ಎರಡನೆಯದು ಎದುರಾಗಿರುವ ತೊಡಕನ್ನೂ, ಒಂಬತ್ತನೆಯದು ಕೇಳುವವರ ಆಸೆ ಹಾಗೂ ಅಂಜಿಕೆಗಳನ್ನೂ, ಕೊನೆಯದು ಪರಿಣಾಮವನ್ನೂ ಸೂಚಿಸುತ್ತವೆ. ಹೊಸ ಹಾಸುಗಳನ್ನು ರೂಪಿಸುವವರು ಮಾಡುವುದೂ ಇಷ್ಟೇ: ಪ್ರಶ್ನೆಯನ್ನು ಭಾಗಗಳಾಗಿ ಒಡೆದು ಪ್ರತಿ ಭಾಗಕ್ಕೂ ಒಂದು ಜಾಗ ಗೊತ್ತುಮಾಡುವುದು.

ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಕಡೆ ನಡೆಯುವ ತಾಂಬೂಲ ಪ್ರಶ್ನೆಯ ಕಟ್ಟೂ ಇದಕ್ಕೆ ಹತ್ತಿರವಾಗಿದೆ. 17ನೇ ಶತಮಾನದಲ್ಲಿ ಕೇರಳದಲ್ಲಿ ರಚಿತವಾದ ‘ಪ್ರಶ್ನಮಾರ್ಗ’ದ ಪ್ರಕಾರ, ಪ್ರಶ್ನೆ ಕೇಳುವವರು ತಂದ ವೀಳ್ಯದೆಲೆಗಳಲ್ಲಿ ಹನ್ನೆರಡು ಎಲೆಗಳು ಜಾತಕದ ತನು, ಧನ ಮೊದಲಾದ ಹನ್ನೆರಡು ಭಾವಗಳಿಗೆ ಸಲ್ಲುತ್ತವೆ. ಬೆಳಗಿನ ಹೊತ್ತಾದರೆ ಮೇಲಿನಿಂದಲೂ ಮಧ್ಯಾಹ್ನದ ಬಳಿಕವಾದರೆ ಕೆಳಗಿನಿಂದಲೂ ಎಣಿಸಿ, ಯಾವ ಎಲೆ ಬಾಡಿದೆಯೋ ಹರಿದಿದೆಯೋ ಆ ಭಾವಕ್ಕೆ ಕುಂದು ಎಂದು ಹೇಳುತ್ತಾರೆ. ಎಲೆಗಳ ಒಟ್ಟು ಸಂಖ್ಯೆಯನ್ನು ಹತ್ತರಿಂದ ಗುಣಿಸಿ, ಒಂದನ್ನು ಕೂಡಿಸಿ, ಏಳರಿಂದ ಭಾಗಿಸಿದಾಗ ಉಳಿಯುವ ಶೇಷದಿಂದ ಗ್ರಹವನ್ನು ನಿರ್ಧರಿಸುವ ಲೆಕ್ಕವೂ ಉಂಟು. ದಿಕ್ಕು ತೋಚದ ಸಂಕಟವನ್ನು ಹನ್ನೆರಡು ಸ್ಪಷ್ಟ ಪ್ರಶ್ನೆಗಳಾಗಿ ಬಿಡಿಸುವುದೇ ಇಂಥ ವಿಧಾನಗಳ ನಿಜವಾದ ಉಪಯೋಗ. ಎಲೆ ಬಾಡಿದ್ದಕ್ಕೂ ಬಾಳಿನ ಆಗುಹೋಗುಗಳಿಗೂ ಕಾರ್ಯಕಾರಣ ಸಂಬಂಧವಿದೆಯೆಂಬುದಕ್ಕೆ ಆಧಾರವಿಲ್ಲವಾದರೂ, ಪ್ರಶ್ನೆ ಹೀಗೆ ಬಿಡಿಯಾದಾಗ ಕೇಳುವವರಿಗೆ ತಮ್ಮ ಸ್ಥಿತಿಯೇ ತಿಳಿಯಾಗಿ ಕಾಣುವುದುಂಟು.

ಆದರೆ ಹೀಗೆ ಸಿಗುವ ಸಮಾಧಾನವೇ ವ್ಯಾಪಾರಕ್ಕೂ ದಾರಿಯಾಗುತ್ತದೆ ಎಂಬುದನ್ನು ಜೈನ ಆಚಾರ್ಯರು ಬಹಳ ಹಿಂದೆಯೇ ಮನಗಂಡಿದ್ದರು. ಮುನಿಗಳ ಆಚಾರವನ್ನು ನಿರೂಪಿಸುವ ವಟ್ಟಕೇರಾಚಾರ್ಯರ ‘ಮೂಲಾಚಾರ’ವು ಆಹಾರ ಪಡೆಯುವಾಗ ತಗಲಬಹುದಾದ ಹದಿನಾರು ಉತ್ಪಾದನ ದೋಷಗಳಲ್ಲಿ ನಿಮಿತ್ತವನ್ನೂ ಎಣಿಸುತ್ತದೆ. ಗೃಹಸ್ಥರಿಗೆ ಶಕುನವನ್ನೋ ಭವಿಷ್ಯವನ್ನೋ ಹೇಳಿ ಮೆಚ್ಚಿಸಿ ಭಿಕ್ಷೆ ಪಡೆದರೆ ಆ ಅನ್ನ ದೋಷಯುಕ್ತವೆಂಬುದು ಇದರ ತಾತ್ಪರ್ಯ. ನಿಮಿತ್ತಜ್ಞಾನವನ್ನು ಮಹಾವಿದ್ಯೆಯೆಂದು ಗೌರವಿಸಿದ ಪರಂಪರೆಯೇ ಅದನ್ನು ಹೊಟ್ಟೆಪಾಡಿಗೆ ಬಳಸುವುದನ್ನು ತಡೆದಿತ್ತು.

ಶಾಸನಕ್ಕೆ ಮರಳಿದರೆ, ಭದ್ರಬಾಹುಗಳು ಶಿಷ್ಯ ಚಂದ್ರಗುಪ್ತನೊಡನೆ ಸ್ವತಃ ಬೆಳಗೊಳಕ್ಕೆ ಬಂದರೆಂಬ ಐತಿಹ್ಯದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇಲ್ಲಿಯ ಶಾಸನಗಳನ್ನು 1889ರಲ್ಲಿ ಪ್ರಕಟಿಸಿದ ಬಿ.ಎಲ್. ರೈಸ್ ಮತ್ತು 1923ರಲ್ಲಿ ಅವುಗಳ ಪರಿಷ್ಕೃತ ಸಂಪುಟವನ್ನು ಹೊರತಂದ ಆರ್. ನರಸಿಂಹಾಚಾರ್ ಈ ಐತಿಹ್ಯವನ್ನು ಒಪ್ಪುವ ಕಡೆಗಿದ್ದರೆ, ಶಾಸನತಜ್ಞ ಜೆ.ಎಫ್. ಫ್ಲೀಟ್ ಸಂಶಯಪಟ್ಟರು. ಸುಮಾರು 600ರ ಆ ಶಾಸನದಲ್ಲಿ ಚಂದ್ರಗುಪ್ತನ ಹೆಸರಿಲ್ಲ. ಕಟವಪ್ರ ಬೆಟ್ಟದಲ್ಲಿ, ಅಂದರೆ ಇದೇ ಚಂದ್ರಗಿರಿಯಲ್ಲಿ, ಸನ್ಯಸನ ವಿಧಿಯಿಂದ ದೇಹತ್ಯಾಗ ಮಾಡಿದವರು ಪ್ರಭಾಚಂದ್ರರೆಂಬ ಆಚಾರ್ಯರೆಂದು ಅದು ಹೇಳುತ್ತದೆ. ಚರ್ಚೆ ಯಾವ ಕಡೆಗೇ ತೀರ್ಮಾನವಾದರೂ ಶಾಸನದ ಒಲವು ಸ್ಪಷ್ಟವಿದೆ. ಅದು ಮುನ್ಸೂಚನೆಯನ್ನು ಚುಟುಕಾಗಿ ಹೇಳಿ, ಸಂಘದ ಪ್ರಯಾಣವನ್ನೂ ಆಚಾರ್ಯರ ನಿರ್ಧಾರವನ್ನೂ ವಿಸ್ತರಿಸುತ್ತದೆ. ಶಾಂತಿ, ಪರಿಹಾರಗಳ ಮಾತನ್ನೇ ಎತ್ತುವುದಿಲ್ಲ. ಎಲೆ, ಕವಡೆ, ಕನಸು ಯಾವುದನ್ನೇ ಕೇಳಲು ಹೊರಟವರು, ಉತ್ತರ ಬಂದ ಮೇಲೆ ತಾವೇನು ಮಾಡಬೇಕೆಂಬುದನ್ನು ತಾವೇ ನಿಶ್ಚಯಿಸಬೇಕು. ಆ ಹೊಣೆಯನ್ನು ಹಣ ಕೊಟ್ಟು ಬೇರೊಬ್ಬರಿಗೆ ಒಪ್ಪಿಸಲಾಗದು.