ಕಪ್ಪಾದದ್ದು ಬೆಳ್ಳಿಯ ತಪ್ಪಲ್ಲ

ಆಟಿ ಕಳೆದು ಸೋಣ ತಿಂಗಳು ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬೆಳ್ಳಿ ಕೆಲಸದ ಆಚಾರ್ರ ಅಂಗಡಿಗಳಿಗೆ ಒಂದು ಬಗೆಯ ಗಿರಾಕಿಗಳು ಬರತೊಡಗುತ್ತಾರೆ. ಚೌತಿ ಹತ್ತಿರವಾಯಿತೆಂದು ಕಪಾಟಿನಿಂದ ಬೆಳ್ಳಿ ಸಾಮಾನು ಇಳಿಸಿ ನೋಡಿದರೆ ಹರಿವಾಣ ಕಪ್ಪು, ಪಂಚಪಾತ್ರೆ ಕಪ್ಪು, ಮಗುವಿನ ಅನ್ನಪ್ರಾಶನಕ್ಕೆ ಮಾಡಿಸಿದ ಬಟ್ಟಲಂತೂ ಕಾವಲಿಯ ಬಣ್ಣ. ಎಲ್ಲವನ್ನೂ ಚೀಲದಲ್ಲಿ ಕಟ್ಟಿ ತಂದು ಮೇಜಿನ ಮೇಲೆ ಸುರಿದು ಕೇಳುತ್ತಾರೆ: "ಆಚಾರ್ರೇ, ಇದಕ್ಕೆ ತಾಮ್ರ ಎಷ್ಟು ಹಾಕಿದ್ದು ಮಾರಾಯ್ರೇ?" ಕೇಳುವ ಧಾಟಿಯಲ್ಲೇ ತೀರ್ಪು ಮುಗಿದಿರುತ್ತದೆ.

ಶುದ್ಧ ಬೆಳ್ಳಿ ಕಪ್ಪಾಗುವುದಿಲ್ಲ, ಕಪ್ಪಾದರೆ ಅದು ಕಲಬೆರಕೆ. ಬೆಳ್ಳಿಯ ಬಗ್ಗೆ ಜನರಲ್ಲಿರುವ ತಪ್ಪು ಕಲ್ಪನೆಗಳಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿದ್ದು ಮತ್ತೊಂದಿಲ್ಲ. ಕಲಿತವರು, ಕಲಿಯದವರು ಎಂಬ ಭೇದವೂ ಇದಕ್ಕಿಲ್ಲ. ಶಾಲೆಯಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ಮೇಷ್ಟರೂ ಬೆಳ್ಳಿ ಅಂಗಡಿಯ ಮೆಟ್ಟಿಲು ಹತ್ತುವಾಗ ಪಾಠವನ್ನು ಹೊರಗೇ ಬಿಟ್ಟು ಬರುತ್ತಾರೆ.

ನಡೆಯುವುದಿಷ್ಟೆ. ಬೆಳ್ಳಿಗೆ ಗಾಳಿಯ ಆಮ್ಲಜನಕದೊಂದಿಗೆ ಅಷ್ಟಾಗಿ ನಂಟಿಲ್ಲ. ಅದರ ನಂಟೆಲ್ಲ ಗಂಧಕದೊಂದಿಗೆ. ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಮೂಗಿಗೆ ಗೊತ್ತಾಗದಷ್ಟು ಸಣ್ಣ ಪ್ರಮಾಣದಲ್ಲಿದ್ದರೂ ಸಾಕು, ಬೆಳ್ಳಿಯ ಮೇಲ್ಮೈ ಅದನ್ನು ಹಿಡಿದು ಬೆಳ್ಳಿ ಸಲ್ಫೈಡ್ ಆಗುತ್ತದೆ. ಈ ಪದರ ಮೊದಲು ಹಳದಿ ಛಾಯೆಯಲ್ಲಿ ಕಾಣಿಸಿ, ಕಂದಾಗಿ, ನೀಲಿಗೆ ತಿರುಗಿ, ದಪ್ಪವಾದಂತೆ ಕಪ್ಪಾಗುತ್ತದೆ. ದಪ್ಪ ಎಂದರೂ ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಪಾಲಿನ ಆಸುಪಾಸು. ಇದರಲ್ಲಿ ತಾಮ್ರದ ಪಾತ್ರ ಇರಲೇಬೇಕೆಂದಿಲ್ಲ, 99.9 ಶುದ್ಧತೆಯ ಗಟ್ಟಿಯೂ ಕಪ್ಪಾಗುತ್ತದೆ.

ಇದಕ್ಕೆ ಸಾಕ್ಷಿ ಬೇಕಿದ್ದವರು ಬ್ರಿಟಿಷ್ ಮ್ಯೂಸಿಯಮ್ಮಿನ ಕಡೆ ನೋಡಬಹುದು. ಪ್ರದರ್ಶನದ ಕಪಾಟಿಗೆ ಬಳಸುವ ಬಟ್ಟೆ, ಮರ, ಅಂಟುಗಳಿಂದ ಹಳೆಯ ವಸ್ತುಗಳಿಗೆ ಹಾನಿಯಾಗುತ್ತದೆಯೇ ಎಂದು ತಿಳಿಯಲು ಅಲ್ಲಿನ ಆಂಡ್ರ್ಯೂ ಓಡಿ 1973ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಇಂದು ಜಗತ್ತಿನ ಮ್ಯೂಸಿಯಮ್ಮುಗಳು ಅನುಸರಿಸುವ ಅದರ ರೂಪದಲ್ಲಿ ಬಟ್ಟೆಯ ಚೂರನ್ನೋ ಮರದ ಚೂರನ್ನೋ ಶುದ್ಧ ಬೆಳ್ಳಿಯ ತಗಡಿನೊಂದಿಗೆ ಗಾಜಿನ ಕೊಳವೆಯಲ್ಲಿಟ್ಟು, ಸ್ವಲ್ಪ ನೀರು ಸೇರಿಸಿ, 60 ಡಿಗ್ರಿ ಬಿಸಿಯಲ್ಲಿ 28 ದಿನ ಬಿಡುತ್ತಾರೆ. ಬೆಳ್ಳಿ ಕಪ್ಪಾದರೆ ಆ ಬಟ್ಟೆ, ಆ ಮರ ತಿರಸ್ಕೃತ. ಶುದ್ಧ ಬೆಳ್ಳಿ ಕಪ್ಪಾಗದಿದ್ದರೆ ಈ ಪರೀಕ್ಷೆಯೇ ಹುಟ್ಟುತ್ತಿರಲಿಲ್ಲ. ಅಲ್ಲಿ ದೋಷ ಹೊರುವುದು ಬಟ್ಟೆ. ಬಂಟ್ವಾಳದಲ್ಲಿ ಮಾತ್ರ ಆಚಾರ್ರು.

ಕೊಳವೆಯೊಳಗಿನ ಆ ತೇವ ಮತ್ತು ಸೆಕೆ ನಮ್ಮ ಕರಾವಳಿಗೆ ಪುಕ್ಕಟೆಯಾಗಿ ಬಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುವ ಊರುಗಳಿವು. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಂಧಕದ ಅನಿಲ ಹುಟ್ಟುತ್ತದೆ, ಚರಂಡಿಯಲ್ಲೂ ಹುಟ್ಟುತ್ತದೆ. ಬೆಳ್ತಂಗಡಿ ಕಡೆಯ ರಬ್ಬರು ತೋಟಗಳಲ್ಲಿ ಹೊಸ ಚಿಗುರಿಗೆ ಬೂದಿರೋಗ ತಗಲದಂತೆ ಎರಚುವ ಪುಡಿಯೇ ಗಂಧಕ. ಜಾತ್ರೆಯ ಬೆಡಿಯ ಮದ್ದಿನಲ್ಲಿ ಗಂಧಕ, ಅಡುಗೆಮನೆಯ ಬೆಳ್ಳುಳ್ಳಿ, ನೀರುಳ್ಳಿ, ಮೊಟ್ಟೆಯಲ್ಲಿ ಗಂಧಕ. ಇಷ್ಟೂ ಸಾಲದೆಂಬಂತೆ ಮನೆಯವರು ಬೆಳ್ಳಿ ಲೋಟವನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಮೇಲಿಂದ ರಬ್ಬರ್ ಬ್ಯಾಂಡ್ ಬಿಗಿದು ಇಡುತ್ತಾರೆ. ರಬ್ಬರ್ ಬ್ಯಾಂಡನ್ನು ಗಟ್ಟಿ ಮಾಡುವುದೂ ಗಂಧಕವೇ. ಬ್ಯಾಂಡ್ ಇದ್ದ ಜಾಗದಲ್ಲೇ ಸರಿಯಾಗಿ ಒಂದು ಕಪ್ಪು ಗೆರೆ ಬಿದ್ದಿರುತ್ತದೆ. ಅದಕ್ಕೂ ಆಚಾರ್ರೇ ಉತ್ತರ ಕೊಡಬೇಕು.

ಈ ನಂಬಿಕೆಯಲ್ಲಿ ಸತ್ಯದ ಒಂದು ಚೂರು ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ತಾಮ್ರ ಬೆರೆತ ಬೆಳ್ಳಿ ಶುದ್ಧ ಬೆಳ್ಳಿಗಿಂತ ಬೇಗ ಕಪ್ಪಾಗುತ್ತದೆ. ಆದರೆ ತಾಮ್ರ ಬೆರೆಸುವುದು ಕಳ್ಳತನವಲ್ಲ, ಕಸುಬು. ಅಪ್ಪಟ ಬೆಳ್ಳಿ ಎಷ್ಟು ಮೆತ್ತಗೆಂದರೆ, ಅದರಿಂದ ತೆಳ್ಳಗಿನ ಊಟದ ತಟ್ಟೆ ಮಾಡಿ ದಿನಾ ಬಳಸಿದರೆ ಅಂಚು ಬಾಗುತ್ತದೆ, ಚಮಚದ ಕತ್ತು ಬಗ್ಗುತ್ತದೆ. ನೂರು ಗ್ರಾಮಿನಲ್ಲಿ ಏಳೂವರೆ ಗ್ರಾಮ್ ತಾಮ್ರವಿದ್ದರೆ ಬಿಗಿ ಬರುತ್ತದೆ. ಇಂಗ್ಲೆಂಡಿನಲ್ಲಿ 1300ರಲ್ಲೇ ಕಾನೂನಾದ ಸ್ಟರ್ಲಿಂಗ್ ಎಂದರೆ ಈ 92.5. ಜನ ನಾಣ್ಯ ಕರಗಿಸಿ ಪಾತ್ರೆ ಮಾಡುವುದನ್ನು ತಡೆಯಲು 1697ರಲ್ಲಿ ಅಲ್ಲಿನ ಸರಕಾರ ಪಾತ್ರೆಯ ಬೆಳ್ಳಿಯ ಮಟ್ಟವನ್ನು 95.8ಕ್ಕೆ ಏರಿಸಿತ್ತು. 1720ರಲ್ಲಿ ಸ್ಟರ್ಲಿಂಗಿಗೆ ಮತ್ತೆ ಅನುಮತಿ ಸಿಕ್ಕಿತು, ಹೆಚ್ಚಿನ ಕುಶಲಕರ್ಮಿಗಳು ಅದಕ್ಕೇ ಮರಳಿದರು.

ಕೈಕೆಲಸದ ತಟ್ಟೆ ಹೇಗೆ ಹುಟ್ಟುತ್ತದೆಂದು ಒಮ್ಮೆ ಕುಳಿತು ನೋಡಿದವರು ತಾಮ್ರದ ಲೆಕ್ಕ ಕೇಳುವುದನ್ನು ಬಿಟ್ಟಾರು. ಮೂಸೆಯಲ್ಲಿ ಕರಗಿದ ಬೆಳ್ಳಿಯನ್ನು ಗಟ್ಟಿಯಾಗಿ ಎರೆದು, ಬಡಿದು ತಗಡು ಮಾಡಬೇಕು. ಬಡಿದಷ್ಟೂ ಬೆಳ್ಳಿ ಸೆಟೆಯುತ್ತದೆ. ಇನ್ನೂ ಬಡಿದರೆ ಅಂಚು ಸೀಳುತ್ತದೆ. ಆಗ ಮತ್ತೆ ಬೆಂಕಿಗೆ ಹಿಡಿದು, ಮಂದ ಕೆಂಪು ಬಂದ ಕೂಡಲೇ ಹೊರತೆಗೆದು ಹದ ಮಾಡಬೇಕು. ಬಿಸಿ ಅತಿಯಾದರೆ 962 ಡಿಗ್ರಿಯ ಹತ್ತಿರ ಕರಗುವ ಬೆಳ್ಳಿ ತಾಮ್ರ ಸೇರಿದ್ದರಿಂದ ಅದಕ್ಕೂ ಮೊದಲೇ ಕುಸಿಯುತ್ತದೆ. ಪ್ರತಿ ಸಲ ಬೆಂಕಿ ಕಂಡಾಗಲೂ ತಾಮ್ರದ ಕರಿ ಮೇಲೆ ಬರುತ್ತದೆ; ಅದನ್ನು ಹುಳಿಯಲ್ಲೋ ಆಸಿಡ್ಡಿನಲ್ಲೋ ಕುದಿಸಿ ತೆಗೆಯುತ್ತಾರೆ. ಹೀಗೆ ಮೇಲ್ಮೈಯ ತಾಮ್ರ ಕಳಚಿ ಹೋದಾಗ ಪಾತ್ರೆಯ ಹೊರಪದರ ಒಳಗಿನದಕ್ಕಿಂತ ಶುದ್ಧವಾಗಿರುತ್ತದೆ. ಅಂಗಡಿಯ ಎಕ್ಸ್‌ರೇ ಯಂತ್ರ ನೋಡುವುದೂ ಈ ಹೊರಪದರವನ್ನೇ. ಕಣ್ಣು ಮೋಸ ಹೋಗುವ ಕಡೆ ಯಂತ್ರವೂ ಮೋಸ ಹೋಗಬಹುದು. ಹಾಗಿರುವಾಗ ಬರೀ ಬಣ್ಣ ನೋಡಿ ಟಚ್, ಅಂದರೆ ಶುದ್ಧತೆ, ಎಷ್ಟೆಂದು ಹೇಳುವ ಪಂಡಿತರಿಗೆ ಏನೆನ್ನೋಣ!

ನಿಜಕ್ಕೂ ಅನುಮಾನ ಪಡಬೇಕಾದದ್ದು ಮೂರು ಮಳೆಗಾಲ ಕಳೆದರೂ ಹೊಳೆಯುತ್ತಲೇ ಇರುವ ಪಾತ್ರೆಯ ಮೇಲೆ. ಒಂದೋ ಅದಕ್ಕೆ ವಾರ್ನಿಶ್ ಬಳಿದಿರುತ್ತಾರೆ, ಇಲ್ಲವೇ ಮೇಲೆ ರೋಡಿಯಮ್ ಲೇಪನ ಇರುತ್ತದೆ, ಅದೂ ಇಲ್ಲವಾದರೆ ಅದು ಬೆಳ್ಳಿಯೇ ಅಲ್ಲ. ತಾಮ್ರದ ಒಂದು ಭಾಗದ ಬದಲು ಜರ್ಮೇನಿಯಮ್ ಸೇರಿಸಿ ನಿಧಾನವಾಗಿ ಕಪ್ಪಾಗುವ ಬೆಳ್ಳಿಯನ್ನು ಇಂಗ್ಲೆಂಡಿನ ಪೀಟರ್ ಜಾನ್ಸ್ 1990ರ ದಶಕದಲ್ಲಿ ರೂಪಿಸಿದ್ದುಂಟು, ಆದರೆ ಅದು ನಮ್ಮ ಪೇಟೆಬೀದಿಯ ಸರಕಲ್ಲ. ವಿಪರ್ಯಾಸವೆಂದರೆ, ಪ್ರಾಮಾಣಿಕವಾಗಿ 92.5 ಹಾಕಿ ಕೈಯಲ್ಲಿ ಬಡಿದು ಕೊಟ್ಟವನ ಬಟ್ಟಲು ಕಪ್ಪಾಗಿ ಅವನ ಹೆಸರು ಕೆಡುತ್ತದೆ. ಲೇತಿನಲ್ಲಿ ತಿರುಗಿ, ಲೇಪನ ಹೊದ್ದು ಬಂದ ಸಾಮಾನು "ಎಷ್ಟು ಪ್ಯೂರ್ ನೋಡಿ" ಎಂಬ ಪ್ರಶಸ್ತಿ ಪಡೆಯುತ್ತದೆ.

ಇದರ ಬೆನ್ನಿಗೇ ಬರುವ ಮಾತು: "ಅಜ್ಜಿಯ ಕಾಲದ ಬೆಳ್ಳಿ ಎಂದರೆ ಅಪ್ಪಟ." ಅಜ್ಜಿಯ ಕಾಲದಲ್ಲಿ ಎಷ್ಟೋ ಮನೆಗಳ ಲೋಟ, ತಟ್ಟೆಗಳಿಗೆ ಬೆಳ್ಳಿ ಬಂದದ್ದು ರೂಪಾಯಿ ನಾಣ್ಯ ಕರಗಿಸಿ. ರಾಣಿ ವಿಕ್ಟೋರಿಯಾ ಛಾಪಿನ ರೂಪಾಯಿಯ ತೂಕ 11.66 ಗ್ರಾಮ್, ಬೆಳ್ಳಿ 91.7 ಶೇಕಡಾ. ಅಂದರೆ ಇಂದು ಗಿರಾಕಿ ಮೂಗು ಮುರಿಯುವ 92.5ಕ್ಕಿಂತ ಕಡಿಮೆ. 1940ರಿಂದ ಅಚ್ಚಾದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು, 1947ರಲ್ಲಿ ರೂಪಾಯಿ ನಿಕ್ಕಲ್ ಆಯಿತು. ಯುದ್ಧಕಾಲದ ನಾಣ್ಯ ನಾಲ್ಕು ಸೇರಿ ಕರಗಿದ್ದರೆ ಅಜ್ಜಿಯ ಲೋಟದ ಟಚ್ ಕೇಳದಿರುವುದೇ ಕ್ಷೇಮ.

ಉಳಿದ ತಪ್ಪು ಕಲ್ಪನೆಗಳಿಗೆ ಹೆಚ್ಚು ಜಾಗ ಕೊಡುವ ಅಗತ್ಯವಿಲ್ಲ. ಗೃಹಪ್ರವೇಶದ ಉಡುಗೊರೆಯಾಗಿ ಬರುವ ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಒಂದು ಕಣವೂ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಸುತ್ತಿಗೆಯ ಗುರುತು ಇದ್ದರೆ ಕೈಕೆಲಸ ಎನ್ನುವಂತಿಲ್ಲ, ಅಚ್ಚು ಆ ಗುರುತನ್ನೂ ಒತ್ತಿ ಕೊಡುತ್ತದೆ. ಕಾಲ್ಗೆಜ್ಜೆ ಕಪ್ಪಾದರೆ ಮೈಗೆ ಉಷ್ಣವಾಗಿದೆ ಎನ್ನುವವರು ಬೆವರನ್ನು ಮರೆತಿದ್ದಾರೆ. ಬೆಳ್ಳಿಯ ಅಯಾನುಗಳು ಕ್ರಿಮಿಗಳನ್ನು ತಡೆಯುವುದು ನಿಜ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಷ್ಯನ್ ಭಾಗದಲ್ಲಿ ಕುಡಿಯುವ ನೀರು ಕೆಡದಂತೆ ಅವನ್ನೇ ಬಳಸುತ್ತಾರೆ. ಆದರೆ ಮಳೆಗಾಲದ ಕದಡಿದ ಬಾವಿ ನೀರನ್ನು ಬೆಳ್ಳಿ ಲೋಟಕ್ಕೆ ಹೊಯ್ದು ಕುಡಿಯುವುದು ಬೇರೆ ಮಾತು, ಅದನ್ನು ಕುದಿಸಲೇಬೇಕು. ಇನ್ನು ವಿಷ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ ಎಂಬುದು ಚೀನಾ, ಕೊರಿಯಾಗಳ ಅರಮನೆಗಳೂ ನಂಬಿದ್ದ ಮಾತು. ಹಿಂದಿನ ಪಾಷಾಣದಲ್ಲಿ ಗಂಧಕದ ಕಲ್ಮಶ ಉಳಿದಿರುತ್ತಿತ್ತು, ಬೆಳ್ಳಿ ಹಿಡಿದದ್ದು ಅದನ್ನು. ಶುದ್ಧ ಪಾಷಾಣ ಬೆಳ್ಳಿ ಬಟ್ಟಲಲ್ಲಿ ಸದ್ದಿಲ್ಲದೆ ಕೂತಿರುತ್ತದೆ; ಬೇಯಿಸಿದ ಮೊಟ್ಟೆ ಮಾತ್ರ ವಿಷವೆಂದು ಸಿಕ್ಕಿಬೀಳುತ್ತದೆ.

ಕಪ್ಪನ್ನು ಕಂಡು ಗಾಬರಿಯಾದವರು ಮಾಡುವ ಎರಡನೆಯ ತಪ್ಪು ಉಜ್ಜುವುದು. ಟೂತ್‌ಪೇಸ್ಟ್, ವಿಭೂತಿ, ಪಾತ್ರೆ ತೊಳೆಯುವ ಪುಡಿ, ಕೈಗೆ ಸಿಕ್ಕಿದ್ದರಲ್ಲಿ ಉಜ್ಜುತ್ತಾರೆ. ಪ್ರತಿ ಉಜ್ಜಿಗೂ ಬೆಳ್ಳಿ ಸವೆಯುತ್ತದೆ, ಚಾಣದಲ್ಲಿ ಕೆತ್ತಿದ ಬಳ್ಳಿ ಮಾಸುತ್ತದೆ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಮ್ ಹಾಳೆ ಹಾಸಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ, ಬೆಳ್ಳಿಯನ್ನು ಹಾಳೆಗೆ ತಾಗುವಂತೆ ಮುಳುಗಿಸಿದರೆ ಗಂಧಕವನ್ನು ಅಲ್ಯೂಮಿನಿಯಮ್ ಸೆಳೆದುಕೊಂಡು ಬೆಳ್ಳಿ ಅಲ್ಲೇ ಉಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ಆಗುತ್ತಿದೆ ಎಂದರ್ಥ. ಕಲ್ಲು ಕೂರಿಸಿದ, ಅರಗು ತುಂಬಿದ, ಬೇಕೆಂದೇ ಕಪ್ಪು ಹಿಡಿಸಿದ ಸಾಮಾನಿಗೆ ಇದು ಸಲ್ಲ.

ಬೀದಿಬೀದಿ ಸುತ್ತಿ "ಪಾಲಿಶ್ ಮಾಡಿಕೊಡುತ್ತೇವೆ" ಎನ್ನುವವರ ಹೊಟ್ಟೆ ಹೊರೆಯುವುದೂ ಇದೇ ಗಾಬರಿ. ಅವರ ಬಟ್ಟಲಿನ ದ್ರಾವಣಕ್ಕೆ ಅದ್ದಿದ ಲೋಟ ಫಳಫಳ ಹೊಳೆಯುತ್ತದೆ. ಒಂದಿಷ್ಟು ಬೆಳ್ಳಿ ಆಸಿಡ್ಡಿನಲ್ಲಿ ಕರಗಿ ಅವರೊಂದಿಗೆ ಹೊರಟಿರುತ್ತದೆ. ಹೊಳಪು ಬಂತಲ್ಲ, ಮನೆಯವರು ತೂಕ ನೋಡುವುದಿಲ್ಲ. ತಲೆಮಾರುಗಳಿಂದ ಪರಿಚಯದ ಆಚಾರ್ರ ತಕ್ಕಡಿಯ ಮೇಲೆ ಅನುಮಾನ; ಗೇಟಿನ ಹೊರಗೆ ನಿಂತ ಅಪರಿಚಿತನಿಗೆ ಚಾ ಕೊಟ್ಟು ಚೈನೂ ಬಿಚ್ಚಿಕೊಡುತ್ತಾರೆ. ವಾಟ್ಸಪ್ಪಿನಲ್ಲಿ ಬಂದ ಐಸ್ ತುಂಡಿನ ಪರೀಕ್ಷೆ, ಅಯಸ್ಕಾಂತದ ಪರೀಕ್ಷೆ ಎಲ್ಲ ಬಾಯಿಪಾಠ. ತಾಮ್ರಕ್ಕೂ ಅಯಸ್ಕಾಂತ ಅಂಟುವುದಿಲ್ಲ, ತಾಮ್ರದ ಮೇಲೂ ಐಸ್ ಬೇಗ ಕರಗುತ್ತದೆ ಎಂದು ಯಾರೂ ಫಾರ್ವರ್ಡ್ ಮಾಡಿಲ್ಲ.

ಬೆಳ್ಳಿಗೆ ಬಿಐಎಸ್ ಹಾಲ್‌ಮಾರ್ಕ್ 2005ರಿಂದಲೇ ಇದೆ. 2025ರ ಸೆಪ್ಟೆಂಬರ್ 1ರಿಂದ ಚಿನ್ನಕ್ಕಿರುವಂತೆ ಅಕ್ಷರ, ಅಂಕಿ ಸೇರಿ ಆರು ಸ್ಥಾನಗಳ ಎಚ್‌ಯುಐಡಿ ಗುರುತೂ ಬಂದಿದೆ. 800ರಿಂದ 999ರವರೆಗೆ ಏಳು ದರ್ಜೆಗಳು. ಆದರೆ ಇದು ಕಡ್ಡಾಯವಲ್ಲ, ಕೇಳಿದವರಿಗೆ ಮಾತ್ರ. ಮಾಡಿಸುವಾಗಲೇ ದರ್ಜೆ, ತೂಕ, ಮಜೂರಿ ಮೂರನ್ನೂ ಬಿಲ್ಲಿನಲ್ಲಿ ಬೇರೆ ಬೇರೆ ಬರೆಸಿಕೊಂಡರೆ ಮುಂದಿನ ಚೌತಿಗೆ ಚೀಲ ಹೊತ್ತು ಬರುವಾಗ ಜಗಳಕ್ಕೆ ಬಣ್ಣ ಬೇಕಾಗುವುದಿಲ್ಲ, ಬಿಲ್ಲು ಸಾಕಾಗುತ್ತದೆ.